ಐತವಾರದ ನಂಬಿಕೆ ಸೋಮವಾರಕ್ಕೂ ಬೇಕಲ್ವಾ?

ಐತವಾರ ಬೆಳಿಗ್ಗೆ ನಂಬಿಕೆ ಕಾಣಿಸುವುದು ಸುಲಭ. ಬೀದರ್‌ನ ಮಂಗಲಪೇಟೆ ಚರ್ಚಿರಲಿ, ಯಾದಗಿರಿ ಕಡೆಯ ಹಳ್ಳಿಯೊಂದರ ತಗಡಿನ ಸೂರಿನ ಸಭೆ ಇರಲಿ, ಹಾಡು ಇರುತ್ತದೆ, ಡೋಲಕ್ ಇರುತ್ತದೆ, ಪಕ್ಕದಲ್ಲಿ ಕೂತವರೆಲ್ಲ ನಮ್ಮವರೇ. ಸೋಮವಾರ ಗಂಜ್ ಮಾರುಕಟ್ಟೆಯಲ್ಲಿ ತಕ್ಕಡಿ ಮುಂದೆ ನಿಂತಾಗ, ತಹಸೀಲ್ ಆಫೀಸಿನ ಕುರ್ಚಿಯಲ್ಲಿ ಕೂತಾಗ, ಟಂಟಂ ಆಟೋ ಸ್ಟ್ಯಾಂಡಿನಲ್ಲಿ ಪಾಳಿಗಾಗಿ ಜಗಳ ಬಿದ್ದಾಗ ಅದೇ ನಂಬಿಕೆ ಎಲ್ಲಿರುತ್ತದೆ? ಈ ಲೇಖನ ಸೋಮವಾರದಿಂದ ಶನಿವಾರದವರೆಗಿನ ಆರು ದಿನಗಳ ಬಗ್ಗೆ.

ನಮ್ಮ ಭಾಗದಲ್ಲಿ ಇದು ಹೊಸ ಪ್ರಶ್ನೆಯೇನಲ್ಲ. ನಿಜಾಮರ ಕಾಲದಲ್ಲಿ, 19ನೇ ಶತಮಾನದ ಕೊನೆಯ ಹೊತ್ತಿಗೆ ಪ್ರೊಟೆಸ್ಟಂಟ್ ಕ್ರೈಸ್ತರ ಪಂಗಡವಾದ ಮೆಥಡಿಸ್ಟ್ ಸಭೆ ಇಲ್ಲಿ ಬೇರು ಬಿಟ್ಟಿತು. ಊರಿನವರು ಅದನ್ನು ಗುರುತಿಸಿದ್ದು ಪ್ರಸಂಗಗಳಿಂದಲೇ ಅಲ್ಲ. ಯಾದಗಿರಿಯ ಹೋಲ್‌ಸ್ಟನ್ ಆಸ್ಪತ್ರೆ, ಬೀದರ್‌ನ ನಾರ್ಮಾ ಫೆಂಡ್ರಿಕ್ ಶಾಲೆ ಅಂದರೆ ಯಾವ ಜಾತಿ, ಧರ್ಮದವರಿಗೂ ಗೊತ್ತು. ಕಥೋಲಿಕರಿಗೆ ಕಲಬುರಗಿ ಧರ್ಮಪ್ರಾಂತ್ಯ ಆದದ್ದು 2005ರಲ್ಲಿ. ಅವರ ಶಾಲೆಗಳೂ ಊರೂರಿಗೆ ಇವೆ. ಆದರೆ ಸಂಸ್ಥೆ ಕಟ್ಟಿದವರು ಹಿಂದಿನವರು. ಈಗ ನಮ್ಮ ಮನೆ, ನಮ್ಮ ಅಂಗಡಿ, ನಮ್ಮ ಹೊಲದಲ್ಲಿ ಏನು ಕಾಣುತ್ತದೆ ಅನ್ನುವುದು ನಮ್ಮ ಪಾಲಿನ ಕೆಲಸ.

ನಾನು ಹೇಳುವುದು ಒಂದೇ. ಆ ಹೊತ್ತು ಬಂದಾಗ ನೋಡೋಣ ಅಂತ ಬಿಡಬೇಡಿ, ಮೊದಲೇ ನಿರ್ಧಾರ ಮಾಡಿ. "ಇನ್ನು ಮೇಲೆ ಒಳ್ಳೆಯವನಾಗಿರುತ್ತೇನೆ" ಅನ್ನುವುದು ನಿರ್ಧಾರ ಅಲ್ಲ. ಯಾವ ಹೊತ್ತಿಗೆ, ಎಷ್ಟು ರೂಪಾಯಿ, ಯಾರಿಗೆ, ಈ ಮೂರು ಗೊತ್ತಿದ್ದರೆ ಮಾತ್ರ ಅದು ನಿರ್ಧಾರ.

ಮೊದಲು, ಒಂದು ಹೊತ್ತು ಮತ್ತು ಒಂದು ಜಾಗ

ದಾನಿಯೇಲನು ದಿನಕ್ಕೆ ಮೂರು ಸಲ, ಯೆರೂಸಲೇಮಿನ ಕಡೆ ಕಿಟಕಿ ತೆರೆದ ತನ್ನ ಕೋಣೆಯಲ್ಲಿ ಪ್ರಾರ್ಥನೆ ಮಾಡುತ್ತಿದ್ದ. ಯೇಸು ಸ್ವಾಮಿ ಇನ್ನೂ ಕತ್ತಲಿರುವಾಗಲೇ ಎದ್ದು ಒಬ್ಬರೂ ಇಲ್ಲದ ಜಾಗಕ್ಕೆ ಹೋದರು ಅಂತ ಮಾರ್ಕ ಬರೆದಿದ್ದಾನೆ. ಇಬ್ಬರಿಗೂ ಹೊತ್ತು ಇತ್ತು, ಜಾಗ ಇತ್ತು. ನಮಗೂ ಅಷ್ಟೇ ಸಾಕು. ಬೇಸಿಗೆಯಲ್ಲಿ ಹೇಗೂ ಮಾಳಿಗೆ ಮೇಲೆ ಮಲಗುತ್ತೇವೆ, ಐದಕ್ಕೆ ಎಚ್ಚರ ಆಗುತ್ತದೆ. ಹಾಸಿಗೆ ಸುತ್ತುವ ಮೊದಲು ಹದಿನೈದು ನಿಮಿಷ. ರಾತ್ರಿ ಪಾಳಿಯ ಬಸ್ ಡ್ರೈವರ್, ನರ್ಸ್ ಆಗಿದ್ದರೆ ಬೆಳಗಿನ ಹೊತ್ತೇ ಆಗಬೇಕೆಂದಿಲ್ಲ. ಡ್ಯೂಟಿ ಮುಗಿಸಿ ಬಂದು ಸ್ನಾನ ಆದ ಮೇಲೆ ಅಂತ ಇಟ್ಟುಕೊಳ್ಳಿ. ಗಡಿಯಾರಕ್ಕಿಂತ ದಿನಾ ಮಾಡುವ ಒಂದು ಕೆಲಸಕ್ಕೆ ಗಂಟು ಹಾಕಿದರೆ ಜಾಸ್ತಿ ದಿನ ಉಳಿಯುತ್ತದೆ.

ಬೈಬಲ್ ಓದಲು ಎಲ್ಲಿಂದ ಶುರು ಮಾಡುವುದು? ಆದಿಕಾಂಡದಿಂದ ಶುರು ಮಾಡಿ ಯಾಜಕಕಾಂಡದಲ್ಲಿ ನಿಂತವರು ಎಲ್ಲ ಸಭೆಯಲ್ಲೂ ಸಿಗುತ್ತಾರೆ. ಮಾರ್ಕನ ಸುವಾರ್ತೆಯಿಂದ ಶುರು ಮಾಡಿ. 16 ಅಧ್ಯಾಯ, ದಿನಕ್ಕೊಂದರಂತೆ ಎರಡು ವಾರದ ಮೇಲೆ ಎರಡು ದಿನ. ನಾಲ್ಕೂ ಸುವಾರ್ತೆ ಸೇರಿದರೆ 89 ಅಧ್ಯಾಯ, ಅಂದರೆ ಮೂರು ತಿಂಗಳು. ಜ್ಞಾನೋಕ್ತಿಗಳಲ್ಲಿ 31 ಅಧ್ಯಾಯ ಇರುವುದರಿಂದ ಇವತ್ತಿನ ತಾರೀಖು ಯಾವುದೋ ಆ ಅಧ್ಯಾಯ ಓದಿದರೆ ಆಯ್ತು, ಗುರುತಿನ ಚೀಟಿಯೂ ಬೇಡ. ಕೀರ್ತನೆಗಳು 150. ದಿನಕ್ಕೆ ಐದು ಓದಿದರೆ ತಿಂಗಳಿಗೆ ಮುಗಿಯುತ್ತವೆ.

ಭಾಷೆ ಯಾವುದು ಅನ್ನುವುದು ನಮ್ಮ ಕಡೆ ನಿಜವಾದ ಪ್ರಶ್ನೆ. ಔರಾದ್, ಭಾಲ್ಕಿ ಕಡೆ ಮರಾಠಿ, ಸೇಡಂ, ಗುರುಮಠಕಲ್ ಕಡೆ ತೆಲುಗು, ಪಟ್ಟಣದಲ್ಲಿ ಹಿಂದಿ-ಉರ್ದು. ಸಿಟ್ಟು ಬಂದಾಗ ನಿಮ್ಮ ಬಾಯಲ್ಲಿ ಯಾವ ಭಾಷೆ ಬರುತ್ತದೋ ಆ ಭಾಷೆಯ ಬೈಬಲ್ ತಗೊಳ್ಳಿ. ಓದು ಬಾರದ ಅಜ್ಜಿಗೆ ಮೊಮ್ಮಗಳು ಜೋರಾಗಿ ಓದಲಿ. ಮೊಬೈಲಿನಲ್ಲಿ ಕೇಳುವ ಬೈಬಲ್ ಕೂಡ ಇದೆ. ಆದರೆ ಬೆಳಿಗ್ಗೆ ವಾಟ್ಸಾಪಿನಲ್ಲಿ ಹೂವಿನ ಚಿತ್ರದ ಜೊತೆ ಬಂದ ವಚನವನ್ನು ಹತ್ತು ಜನಕ್ಕೆ ಕಳಿಸುವುದನ್ನು ಓದು ಅಂತ ಲೆಕ್ಕ ಹಿಡಿಯಬೇಡಿ.

ಎರಡನೆಯದು: ಕೂಲಿ, ತೂಕ, ಉದ್ರಿ

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಯಾಕಂದರೆ ನಮ್ಮ ಪ್ರಾರ್ಥನಾ ಕೂಟಗಳಲ್ಲಿ ಈ ಮಾತು ಬರುವುದು ಕಡಿಮೆ, ಬೈಬಲಿನಲ್ಲಿ ಮಾತ್ರ ಮತ್ತೆ ಮತ್ತೆ ಬರುತ್ತದೆ.

ತೊಗರಿ ರಾಶಿಯ ಕಾಲವನ್ನೇ ತಗೊಳ್ಳಿ. ಹೊತ್ತು ಮುಳುಗುತ್ತಿದೆ. ಕೂಲಿಗೆ ಬಂದ ಹೆಣ್ಣುಮಕ್ಕಳು ಬದುವಿನ ಮೇಲೆ ನಿಂತಿದ್ದಾರೆ. ಸೆರಗಿಗೆ ತೊಗರಿ ಹೊಟ್ಟು ಅಂಟಿದೆ, ಬುತ್ತಿ ಡಬ್ಬಿ ಖಾಲಿ. ಹೊಲದ ಮಾಲೀಕ ಮೊಬೈಲ್ ನೋಡುತ್ತಲೇ, "ಚಿಲ್ಲರ ಇಲ್ಲವ್ವ, ಸಂತಿ ದಿನ ಕೊಡ್ತೀನಿ" ಅನ್ನುತ್ತಾನೆ. "ಆಯ್ತ್ರಿ ಕಾಕಾ" ಅನ್ನುತ್ತಾಳೆ ಆಕೆ. ಇನ್ನೇನು ಅಂದಾಳು? ನಾಳೆ ಮತ್ತೆ ಅದೇ ಹೊಲಕ್ಕೆ ಬರಬೇಕು. ಮನೆಗೆ ಹೋಗುವಾಗ ಕಿರಾಣಿ ಅಂಗಡಿಯಲ್ಲಿ ಎಣ್ಣೆ, ಸಕ್ಕರೆ ಉದ್ರಿ ಬರೆಸುತ್ತಾಳೆ. ಮಾಲೀಕ ಕೈಯಲ್ಲಿಟ್ಟುಕೊಂಡ ದುಡ್ಡು ಅಂಗಡಿಯಲ್ಲಿ ಆಕೆಯ ಸಾಲ ಆಯ್ತು.

ಕೂಲಿಯವನ ಕೂಲಿ ಬೆಳಗಿನ ತನಕ ನಿನ್ನ ಹತ್ತಿರ ಇರಬಾರದು ಅಂತ ಯಾಜಕಕಾಂಡ 19ನೇ ಅಧ್ಯಾಯ ಹೇಳುತ್ತದೆ. ಹೊತ್ತು ಮುಳುಗುವ ಮೊದಲು ಕೊಡು ಅಂತ ಧರ್ಮೋಪದೇಶಕಾಂಡ 24ನೆಯದು ಹೇಳುತ್ತದೆ. ತಡೆಹಿಡಿದ ಕೂಲಿಯೇ ಕೂಗುತ್ತದೆ ಅಂತ ಯಾಕೋಬ 5ನೇ ಅಧ್ಯಾಯದಲ್ಲಿ ಬರೆದಿದ್ದಾನೆ. ಇದಕ್ಕಿಂತ ಬಿಡಿಸಿ ಹೇಳುವುದು ಹೇಗೆ?

ಮಾಡಬೇಕಾದದ್ದು ಇಷ್ಟು. ಆಳಿಗೆ ಹೇಳಿಕಳಿಸುವ ಹಿಂದಿನ ದಿನವೇ ಬ್ಯಾಂಕಿನಿಂದ ದುಡ್ಡು ತಂದು ಚಿಲ್ಲರೆ ಮಾಡಿ ಇಟ್ಟುಕೊಳ್ಳಿ. ಅಷ್ಟು ದುಡ್ಡು ಇಲ್ಲದಿದ್ದರೆ ಅಷ್ಟು ಆಳು ಕರೆಯಬೇಡಿ. ಫೋನ್‌ಪೇ ಮಾಡುತ್ತೀರಾ? ಯಾರ ನಂಬರಿಗೆ ಹೋಗುತ್ತಿದೆ ನೋಡಿ. ದುಡಿದವಳು ಆಕೆ, ದುಡ್ಡು ಸೇರುವುದು ಗಂಡನ ಮೊಬೈಲಿಗೆ, ಅಲ್ಲಿಂದ ಎಲ್ಲಿಗೆ ಹೋಗುತ್ತದೋ ನಿಮಗೂ ಗೊತ್ತು. ದುಡಿದ ಕೈಗೇ ಕೊಡಿ. ಗಂಡಾಳು, ಹೆಣ್ಣಾಳು ಒಂದೇ ಕೆಲಸ ಮಾಡಿದರೆ ಒಂದೇ ಕೂಲಿ ಕೊಡಿ. ಹಾಗಂತ ಕಾನೂನು 1976ರಲ್ಲೇ ಬಂದಿದೆ. ಊರಲ್ಲಿ ಯಾರೂ ಪಾಲಿಸುವುದಿಲ್ಲ ಅನ್ನುತ್ತೀರಿ. ಹೌದು. ನೀವು ಮೊದಲು ಕೊಟ್ಟರೆ ಪಕ್ಕದ ಹೊಲದವರಿಗೆ ಸಿಟ್ಟೂ ಬರುತ್ತದೆ. ಅದಕ್ಕೂ ತಯಾರಾಗಿರಿ.

ಹೊಲ ಇಲ್ಲದವರು ನಾವು ಬಚಾವ್ ಅಂದುಕೊಳ್ಳಬೇಡಿ. ಮನೆಗೆಲಸಕ್ಕೆ ಬರುವವರು ಇದ್ದಾರಲ್ಲ. ಅವರಿಗೆ ತಿಂಗಳಿಗೆ ರಜೆ ಎಷ್ಟು, ಜ್ವರ ಬಂದರೆ ಪಗಾರ ಕಡಿತವೋ ಇಲ್ಲವೋ, ಮೊದಲೇ ಮಾತಾಡಿ ಮುಗಿಸಿ. ಮತ್ತೆ, ಚಹಾ ಕೊಡುವ ಕಪ್ಪು ನೀವು ಕುಡಿಯುವ ಕಪ್ಪೇ ಆಗಿರಲಿ. ಇನ್ನೊಬ್ಬರ ಮನೆಯ ಬೇರೆ ಲೋಟದಲ್ಲಿ ಕುಡಿದು ನೊಂದ ಹಿರಿಯರ ಮಕ್ಕಳು ನಾವು. ನಮ್ಮ ಅಡುಗೆಮನೆಯಲ್ಲೂ ಬೇರೆ ಲೋಟ ಇದ್ದರೆ ಏನು ಹೇಳೋಣ?

ಅಂಗಡಿಯವರಿಗೆ, ಅಡತಿ ವ್ಯಾಪಾರದವರಿಗೆ ಧರ್ಮೋಪದೇಶಕಾಂಡ 25ನೇ ಅಧ್ಯಾಯ. ಕೊಳ್ಳಲು ಒಂದು ಕಲ್ಲು, ಮಾರಲು ಒಂದು ಕಲ್ಲು ಚೀಲದಲ್ಲಿ ಇರಬಾರದು ಅನ್ನುತ್ತದೆ ಅದು. ಈಗ ಎಲೆಕ್ಟ್ರಾನಿಕ್ ಕಾಟಾ ಬಂದಿದೆ, ಕಲ್ಲು ಹೋಗಿದೆ. ಆದರೆ ತೇವಾಂಶದ ಹೆಸರಲ್ಲಿ, ಖಾಲಿ ಚೀಲದ ತೂಕದ ಹೆಸರಲ್ಲಿ, "ಸ್ಯಾಂಪಲ್" ಅಂತ ಬಾಚಿ ತೆಗೆಯುವ ಬೊಗಸೆಯಲ್ಲಿ ಆ ಎರಡನೇ ಕಲ್ಲು ಇನ್ನೂ ಇದೆ. ಎಷ್ಟು ಕಡಿತ, ಯಾಕೆ ಅನ್ನುವುದನ್ನು ರೈತನ ಕಣ್ಣ ಮುಂದೆ ಚೀಟಿಯಲ್ಲಿ ಬರೆದು ಕೊಡಿ. ಉದ್ರಿ ವಹಿಯಲ್ಲಿ ಸಾಮಾನು ಒಯ್ದ ದಿನದ ರೇಟನ್ನು ಅವತ್ತೇ ಬರೆಯಿರಿ, ತಿಂಗಳ ಕೊನೆಗೆ ಅಂದಾಜಿನ ಮೇಲೆ ಹಾಕಬೇಡಿ. ಕೇಳಿದವರಿಗೆ ವಹಿ ತೋರಿಸಿ. ಓದು ಬಾರದವರಿಗೆ ಅವರ ಮಗನನ್ನೋ ಮಗಳನ್ನೋ ಕರೆಸಿ ತೋರಿಸಿ.

ಸರ್ಕಾರಿ ನೌಕರಿಯಲ್ಲಿ ಇರುವವರು ಲೂಕ 3ನೇ ಅಧ್ಯಾಯ ಓದಬೇಕು. ಸುಂಕದವರು, ಸಿಪಾಯಿಗಳು ಸ್ನಾನಿಕನಾದ ಯೋಹಾನನ ಹತ್ತಿರ ಬಂದು "ನಾವೇನು ಮಾಡೋಣ" ಅಂತ ಕೇಳಿದರು. ನೌಕರಿ ಬಿಡಿ ಅಂತ ಆತ ಹೇಳಲಿಲ್ಲ. ನೇಮಕ ಆದದ್ದಕ್ಕಿಂತ ಜಾಸ್ತಿ ವಸೂಲಿ ಮಾಡಬೇಡಿ, ನಿಮ್ಮ ಸಂಬಳದಲ್ಲಿ ತೃಪ್ತಿಪಡಿ ಅಂದ. ನಿಮ್ಮ ಟೇಬಲ್ ಮೇಲೆ ಯಾವ ಕೆಲಸಕ್ಕೆ ಎಷ್ಟು ಫೀಸು, ಎಷ್ಟು ದಿನ ಅನ್ನುವ ಚೀಟಿ ಅಂಟಿಸಿ. "ಚಹಾ-ಪಾನಿ" ಮಾತು ಶುರುವಾಗುವ ಮೊದಲೇ ಅದು ಉತ್ತರ ಹೇಳುತ್ತದೆ. ಈ ಕಡೆ ಅರ್ಜಿ ಕೊಡುವವರಾದರೆ ಸಕಾಲ ಯೋಜನೆ ಇದೆ. ಗೊತ್ತಾದ ದಿನದೊಳಗೆ ಕೆಲಸ ಮಾಡಿಕೊಡಬೇಕು ಅನ್ನುವ 2011ರ ಕಾನೂನು. ಅರ್ಜಿ ಕೊಟ್ಟಾಗ ಸಕಾಲ ನಂಬರಿನ ರಸೀದಿ ಕೇಳಿ ತಗೊಳ್ಳಿ. ಗಡುವು ದಾಟಿದರೆ ಮೇಲ್ಮನವಿ ಹಾಕಬಹುದು. ಲಂಚ ಕೊಡುವುದಿಲ್ಲ ಅಂತ ತೀರ್ಮಾನಿಸಿದವರು ಈ ದಾರಿಯನ್ನೂ ತಿಳಿದಿರಬೇಕು. ಇಲ್ಲದಿದ್ದರೆ ಮೂರನೇ ಸಲ ವಾಪಸ್ ಕಳಿಸಿದಾಗ ಕೈ ತಾನೇ ಜೇಬಿಗೆ ಹೋಗುತ್ತದೆ.

ಜಾತಿ ಪ್ರಮಾಣಪತ್ರದ ಮಾತನ್ನೂ ಇಲ್ಲಿ ಎತ್ತಲೇಬೇಕು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸೌಲಭ್ಯ ಮೊದಲು ಹಿಂದೂಗಳಿಗೆ, 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಸಿಕ್ಕಿತು. ಕ್ರೈಸ್ತರಿಗೆ ಇಲ್ಲ. ಕರ್ನಾಟಕದಲ್ಲಿ ಕ್ರೈಸ್ತರಾದ ಪರಿಶಿಷ್ಟರು ಹಿಂದುಳಿದ ವರ್ಗಗಳ ಪಟ್ಟಿಯ ಪ್ರವರ್ಗ 1ರಲ್ಲಿ ಬರುತ್ತಾರೆ. ಚರ್ಚಿಗೆ ಬಂದ ಮಾತ್ರಕ್ಕೆ ಊರಿನವರು ಜಾತಿ ಮರೆಯುವುದಿಲ್ಲ, ಆದರೆ ಕಾಗದದಲ್ಲಿ ಸೌಲಭ್ಯ ಹೋಗುತ್ತದೆ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಮಕ್ಕಳ ಓದು, ನೌಕರಿಗಾಗಿ ಈ ಸಂಕಟದಲ್ಲಿ ಇರುವ ಮನೆಯವರನ್ನು ಸಭೆಯ ಎದುರು ಹಂಗಿಸಬೇಡಿ. ನಿಮ್ಮ ಮನೆಯ ತೀರ್ಮಾನವನ್ನು ಮಾತ್ರ, ಕಾನೂನು ತಿಳಿದವರನ್ನು ಕೇಳಿ, ಸುಳ್ಳು ಹೇಳದೆ ಮಾಡಿ.

ಪಗಾರದ ದಿನ

ಜಾನ್ ವೆಸ್ಲಿ ಮೆಥಡಿಸ್ಟ್ ಚಳವಳಿ ಶುರು ಮಾಡಿದವರು. ಅವರು ಹೇಳಿದ ಒಂದು ಲೆಕ್ಕ ನನಗೆ ತುಂಬಾ ಇಷ್ಟ. ವರ್ಷಕ್ಕೆ 30 ಪೌಂಡ್ ಬಂದಾಗ ಒಬ್ಬಾತ 28ರಲ್ಲಿ ಜೀವನ ಮಾಡಿ 2 ಪೌಂಡ್ ದಾನ ಕೊಟ್ಟ. ಮುಂದಿನ ವರ್ಷ 60 ಬಂತು. ಆಗಲೂ ಖರ್ಚು 28, ದಾನ 32. ಆಮೇಲೆ 90 ಬಂತು, ದಾನ 62. ಆ ಮನುಷ್ಯ ಸ್ವತಃ ವೆಸ್ಲಿಯೇ ಅಂತ ಹೇಳುತ್ತಾರೆ. ಆತ ಖರ್ಚಿಗೆ ಒಂದು ಗೆರೆ ಎಳೆದ, ಆದಾಯ ಏರಿದರೂ ಗೆರೆ ಏರಲಿಲ್ಲ.

ನಮಗೆ 28ರ ಗೆರೆ ಆಗುವುದಿಲ್ಲ, ಮಕ್ಕಳ ಫೀಸು ಪ್ರತಿ ವರ್ಷ ಏರುತ್ತದೆ. ಆದರೆ ಇನ್‌ಕ್ರಿಮೆಂಟ್ ಬಂದಾಗ ಇಷ್ಟು ಭಾಗ ನಮ್ಮದಲ್ಲ ಅಂತ ಮೊದಲೇ ಬರೆದಿಡಬಹುದು. ವಾರದ ಮೊದಲನೆಯ ದಿನ ನಿಮ್ಮ ಹತ್ತಿರ ತೆಗೆದಿಡಿ ಅಂತ ಪೌಲನು ಕೊರಿಂಥದವರಿಗೆ ಬರೆದ. ಅಂದರೆ ಉಳಿದದ್ದನ್ನು ಕೊಡುವುದಲ್ಲ, ಮೊದಲು ತೆಗೆದಿಡುವುದು. ಒಂದು ಲಕೋಟೆ ಚರ್ಚಿನ ಕಾಣಿಕೆಗೆ, ಇನ್ನೊಂದು ಓಣಿಯಲ್ಲಿ ಯಾರಿಗಾದರೂ ಕಷ್ಟ ಬಂದಾಗ ಬಿಚ್ಚಲು. ಎರಡನೆಯ ಲಕೋಟೆ ಇರುವ ಮನೆಗಳು ಕಡಿಮೆ, ಅದನ್ನೇ ಮೊದಲು ಶುರು ಮಾಡಿ.

ಸಂಘದ ಕಂತು, ಫೈನಾನ್ಸ್ ಸಾಲ ಕತ್ತಿಗೆ ಬಂದಿದ್ದರೆ ಸಾಲ ತೀರಿಸುವುದೂ ದೇವರ ಮುಂದೆ ಪ್ರಾಮಾಣಿಕತೆಯೇ. ಕ್ರಿಸ್‌ಮಸ್ ಬಟ್ಟೆಗೆ, ಮನೆ ಮೇಲಿನ ದೊಡ್ಡ ನಕ್ಷತ್ರಕ್ಕೆ ಹೊಸ ಸಾಲ ಎತ್ತಬೇಡಿ. ದಶಮಾಂಶದ, ಅಂದರೆ ಆದಾಯದ ಹತ್ತನೇ ಒಂದು ಪಾಲು ಕೊಡಬೇಕೆನ್ನುವ ಲೆಕ್ಕದಲ್ಲಿ ಹೆದರಿಸುವವರು ಸಿಕ್ಕರೆ ನಿಮ್ಮ ಸಾಲದ ಲೆಕ್ಕವನ್ನೂ ಅವರ ಮುಂದಿಡಿ.

ಮನೆಯೊಳಗೆ

ಐತವಾರ ಆರಾಧನೆಗೆ ಗಂಡಸರು ಹತ್ತು ಗಂಟೆಗೆ ಇಸ್ತ್ರಿ ಅಂಗಿ ಹಾಕಿಕೊಂಡು ಮುಂದೆ ಕೂತಿರುತ್ತಾರೆ. ಹೆಂಗಸರು ರೊಟ್ಟಿ ಬಡಿದು, ಪಲ್ಯ ಮಾಡಿ, ಮಕ್ಕಳಿಗೆ ತಲೆ ಬಾಚಿ, ಎರಡನೇ ಹಾಡಿನ ಹೊತ್ತಿಗೆ ಹಿಂದಿನ ಸಾಲಿಗೆ ಬಂದು ಸೇರುತ್ತಾರೆ. ನೀರು ತುಂಬುವುದು, ಮಕ್ಕಳ ಸ್ನಾನ, ಮುಂಜಾನೆಯ ಸುಸಲಾ ಗಂಡಸರು ಮಾಡಲಿ. ಇದಕ್ಕೆ ವಿಶೇಷ ಕೃಪಾವರ ಬೇಕಿಲ್ಲ. ಕುಟುಂಬ ಪ್ರಾರ್ಥನೆ ಹತ್ತು ನಿಮಿಷ ಸಾಕು. ಅರ್ಧ ಗಂಟೆ ಎಳೆದರೆ ಮಕ್ಕಳು ತೂಕಡಿಸುತ್ತಾರೆ.

ಇನ್ನೊಂದು, ಅಣ್ಣ-ತಮ್ಮಂದಿರ ಜಗಳ. ಬಾಂದಿನ ಕಲ್ಲು ಒಂದು ಗೇಣು ಆಚೆ ಹೋಯಿತು ಅಂತ ಮಾತು ಬಿಟ್ಟ ಮನೆಗಳು ನಮ್ಮ ಸಭೆಗಳಲ್ಲೂ ಇವೆ. ಒಂದೇ ಚರ್ಚಿಗೆ ಬರುತ್ತಾರೆ, ಬೇರೆ ಬೇರೆ ಬಾಗಿಲಿಂದ ಹೋಗುತ್ತಾರೆ. ಮತ್ತಾಯ 5ನೇ ಅಧ್ಯಾಯದ ಪ್ರಕಾರ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗಬೇಕು. ಹೋದಾಗ ಹಳೆಯ ಕತೆ ತೆಗೆಯಬೇಡಿ. "ಅಣ್ಣಾ, ಸರ್ವೇದವರನ್ನ ಕರ್ಸೋಣು. ಅವರು ಎಲ್ಲಿ ಕಲ್ಲು ಹಾಕ್ತಾರೋ ಅದಕ್ಕ ನಾ ಒಪ್ಪತೀನಿ" ಅಂದರೆ ಸಾಕು. ಹೀಗೆ ಹೇಳಿದ ಮೇಲೂ ಅವರು ಮಾತಾಡದಿದ್ದರೆ ನಿಮ್ಮ ಪಾಲಿನದು ಮುಗಿಯಿತು.

ಓಣಿಯವರ ಜೊತೆ

ಎಳ್ಳಮವಾಸ್ಯೆ ಬಂದರೆ ಕಲಬುರಗಿ, ಬೀದರ್ ಕಡೆ ಊರಿಗೆ ಊರೇ ಹೊಲದಲ್ಲಿರುತ್ತದೆ. ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ. ಪಕ್ಕದ ಮನೆಯವರು ಕರೆಯುತ್ತಾರೆ. ಹೋಗಬೇಕೋ ಬೇಡವೋ ಅಂತ ಆ ದಿನ ಬೆಳಿಗ್ಗೆ ಚರ್ಚೆ ಮಾಡಬೇಡಿ. ಕರೆದವರ ಮನೆಗೆ ಹೋದರೆ ಬಡಿಸಿದ್ದನ್ನು ಪ್ರಶ್ನೆ ಮಾಡದೆ ಉಣ್ಣಿ, ಇದು ಪೂಜೆಗೆ ಇಟ್ಟದ್ದು ಅಂತ ಯಾರಾದರೂ ಹೇಳಿದರೆ ಬಿಡಿ ಅಂತ 1 ಕೊರಿಂಥ 10ನೇ ಅಧ್ಯಾಯ ಹೇಳುತ್ತದೆ. ನಿಮ್ಮ ಮನಸ್ಸಾಕ್ಷಿ ಎಲ್ಲಿ ನಿಲ್ಲುತ್ತದೆ ಅಂತ ಮನೆಯವರು ಕೂತು ಮಾತಾಡಿಕೊಳ್ಳಿ. "ಪೂಜಿಗಿ ನಾ ನಿಲ್ಲಂಗಿಲ್ರಿ ಅಕ್ಕ, ಊಟಕ್ಕ ಖರೇ ಬರ್ತೀನಿ" ಅಂತ ಮೊದಲೇ ಹೇಳಿದರೆ ಯಾರಿಗೂ ಬೇಜಾರಿಲ್ಲ. ಸುಮ್ನೆ ಮುಖ ತಿರುಗಿಸಿಕೊಂಡು ಹೋದರೆ ಅದು ಭಕ್ತಿ ಅಂತ ಯಾರಿಗೂ ಅನ್ನಿಸುವುದಿಲ್ಲ, ಸೊಕ್ಕು ಅಂತಲೇ ಅನ್ನಿಸುತ್ತದೆ.

ಕ್ರಿಸ್‌ಮಸ್‌ಗೆ ನೀವು ಕರೆಯುವಾಗಲೂ ಅಷ್ಟೇ ಕಾಳಜಿ ಇರಲಿ. ಲಿಂಗಾಯತ ಮನೆಯವರು ಬರುವುದಾದರೆ ಅಡುಗೆ, ಪಾತ್ರೆ ಬೇರೆ ಇಡಿ, ಅದನ್ನು ಅವರಿಗೆ ಮೊದಲೇ ತಿಳಿಸಿ. ಮುಸ್ಲಿಂ ಮನೆಯವರು ಬರುವುದಾದರೆ ಮಾಂಸ ಎಲ್ಲಿಂದ ತಂದದ್ದು ಅಂತ ಹೇಳಿ. ಬಸವಕಲ್ಯಾಣದ ನಾಡಿನಲ್ಲಿ ಕಾಯಕ, ದಾಸೋಹ ಅಂದರೆ ಏನೆಂದು ಎಲ್ಲರಿಗೂ ಗೊತ್ತು. ಬೀದರ್‌ನ ಸಿಖ್ಖರ ಗುರುದ್ವಾರ ನಾನಕ್ ಝೀರಾದಲ್ಲಿ ಯಾರು ಹೋದರೂ ಲಂಗರ್ ಊಟ ಇದೆ. ಇಂಥ ಊರಿನಲ್ಲಿ ಬರೀ ಮಾತಿನ ಸಾಕ್ಷಿಗೆ ಬೆಲೆ ಸಿಗುವುದಿಲ್ಲ.

ನಂಬಿಕೆಯ ಬಗ್ಗೆ ಯಾರಾದರೂ ಕೇಳಿದರೆ ಹೇಳಿ, ಮೆತ್ತಗೆ, ಗೌರವದಿಂದ. 1 ಪೇತ್ರ 3ನೇ ಅಧ್ಯಾಯ ಹಾಗೇ ಹೇಳುತ್ತದೆ. ಕೇಳದಿದ್ದರೆ ಒತ್ತಾಯ ಬೇಡ. ಆಸ್ಪತ್ರೆಯಲ್ಲಿ ಮಲಗಿದವರ ತಲೆ ಮೇಲೆ ಕೈ ಇಡುವ ಮೊದಲು "ಪ್ರಾರ್ಥನೆ ಮಾಡಲಾ?" ಅಂತ ಕೇಳಿ. ಬೇಡ ಅಂದರೆ ಹಣ್ಣು ಕೊಟ್ಟು, ಕುಶಲ ಕೇಳಿ ಬನ್ನಿ. ಸಹಾಯಕ್ಕೂ ಧರ್ಮದ ಮಾತಿಗೂ ಗಂಟು ಹಾಕಲೇಬೇಡಿ.

ಕೇಳುವವರು ನಾಲ್ಕು ಜನ

ಒಬ್ಬರೇ ಇದನ್ನೆಲ್ಲ ಬಹಳ ದಿನ ನಡೆಸುವುದು ಕಷ್ಟ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಊರಿನಲ್ಲಿ ಮೆಥಡಿಸ್ಟರು ತಮ್ಮ ಪ್ರಾರ್ಥನಾ ಮನೆಯ ಸಾಲ ತೀರಿಸಬೇಕಿತ್ತು. ಒಬ್ಬೊಬ್ಬರು ವಾರಕ್ಕೆ ಒಂದು ಪೆನ್ನಿ ಕೊಡಲಿ, ಸುಮಾರು ಹನ್ನೆರಡು ಜನಕ್ಕೆ ಒಬ್ಬ ಮುಖಂಡ ಮನೆ ಮನೆಗೆ ಹೋಗಿ ಸಂಗ್ರಹ ಮಾಡಲಿ ಅಂತ ಆಯಿತು. ಹಾಗೆ ಹೋದಾಗ ಮನೆಯೊಳಗಿನ ಕುಡಿತ, ಜಗಳ ಎಲ್ಲ ಕಣ್ಣಿಗೆ ಬಿತ್ತು. ಸಾಲ ವಸೂಲಿಗೆ ಶುರುವಾದದ್ದು ಆತ್ಮದ ಯೋಗಕ್ಷೇಮ ವಿಚಾರಿಸುವ ಕ್ಲಾಸ್ ಮೀಟಿಂಗ್ ಆಯಿತು. ಕೆಡುಕು ಮಾಡಬೇಡಿ, ಒಳ್ಳೆಯದು ಮಾಡಿ, ದೇವರ ವಿಧಿಗಳನ್ನು ಬಿಡಬೇಡಿ. ವೆಸ್ಲಿ 1743ರಲ್ಲಿ ಕೊಟ್ಟ ಮೂರು ನಿಯಮ ಇಷ್ಟೇ.

ನಿಮ್ಮ ಓಣಿಯಲ್ಲಿ ನಾಲ್ಕು ಜನ ಸಾಕು. ಹದಿನೈದು ದಿನಕ್ಕೊಮ್ಮೆ, ಚಹಾ ಕುಡಿಯುವಷ್ಟು ಹೊತ್ತು. ಕೇಳಬೇಕಾದದ್ದು: ಯಾರ ದುಡ್ಡು, ಯಾರ ಕೂಲಿ ನಿನ್ನ ಹತ್ತಿರ ಉಳಿದಿದೆ? ಯಾರ ಜೊತೆ ಮಾತು ಬಿಟ್ಟಿದ್ದೀಯಾ? ಓದು, ಪ್ರಾರ್ಥನೆ ನಡೆದಿದೆಯಾ? ಉಪದೇಶ ಬೇಡ. ಅಲ್ಲಿ ಕೇಳಿದ್ದು ಹೊರಗೆ ಹೋಗಬಾರದು. ಒಂದಕ್ಕೆ ಮಾತ್ರ ಈ ನಿಯಮ ಇಲ್ಲ. ಮನೆಯಲ್ಲಿ ಹೊಡೆತ ತಿನ್ನುತ್ತಿದ್ದೇನೆ ಅಂತ ಒಬ್ಬ ತಂಗಿ ಹೇಳಿದರೆ "ಪ್ರಾರ್ಥನೆ ಮಾಡವ್ವ, ಸಹಿಸಿಕೊ" ಅಂತ ಕಳಿಸಬೇಡಿ. ಆಕೆಯನ್ನು ಸುರಕ್ಷಿತ ಜಾಗಕ್ಕೆ ಕರೆದೊಯ್ಯಿರಿ. ತುರ್ತಿಗೆ 112, ಮಹಿಳಾ ಸಹಾಯವಾಣಿ 181.

ಯಾವಾಗ ಶುರು ಮಾಡುವುದು

ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ಎಲ್ಲರೂ ಎದ್ದು ನಿಂತು ಹರಕೆ ಹೊರುತ್ತೇವೆ. ಅಲ್ಲಿಯವರೆಗೆ ಕಾಯಬೇಡಿ, ಮೇಲೆ ಬರೆದದ್ದನ್ನೆಲ್ಲ ಒಂದೇ ಸಲ ಹಿಡಿಯಲೂ ಬೇಡಿ. ಬೆಳಗಿನ ಓದು ಒಂದು, ಮೇಲಿನದರಲ್ಲಿ ನಿಮ್ಮ ಕೆಲಸಕ್ಕೆ ತಾಗುವುದು ಇನ್ನೊಂದು. ಒಂದು ತಿಂಗಳು ಇವೆರಡೇ ಸಾಕು. ಉಳಿದದ್ದು ಆಮೇಲೆ.

ಓದು ನಾಲ್ಕು ದಿನ ತಪ್ಪಿತು ಅನ್ನಿ, ಐದನೇ ದಿನ ಐದು ಅಧ್ಯಾಯ ಓದಿ ಲೆಕ್ಕ ಸರಿ ಮಾಡಲು ಹೋಗಬೇಡಿ. ಬಿಟ್ಟಲ್ಲಿಂದ ಒಂದೇ ಅಧ್ಯಾಯ. ಆದರೆ ಕೂಲಿ ತಪ್ಪಿದ್ದರೆ ಹಾಗಲ್ಲ. ಇವತ್ತು ಸಂಜೆಯೇ ಅವರ ಮನೆಗೆ ಹೋಗಿ ಕೊಟ್ಟು ಬನ್ನಿ.